ಬದಲಿ ಅಣ್ಣನ ಬಲಗೈ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಪಕ್ಕದಲ್ಲಿರುವ ಮಗಳಿಗೆ, ಈ ಸಂಗೀತ ಭವನದ ನನ್ನ ಸಹೋದ್ಯೋಗಿಗಳಿಗೆ, ಕೆಲಸ ಬಿಟ್ಟು ಬಂದಿರುವ ವಾದ್ಯದವರಿಗೆ, ಮತ್ತೆ — ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದೀರಲ್ಲ, ಡ್ರೈವಿಂಗ್ ಶಾಲೆಯ ಹಳೇ ವಿದ್ಯಾರ್ಥಿಗಳು — ನಿಮಗೂ. ಒಳಗೆ ಬನ್ನಿ. ಈ ಕಡೆ ಕುರ್ಚಿ ಖಾಲಿ ಇವೆ. ಬನ್ನಿ, ಬನ್ನಿ, ಸಂಕೋಚ ಬೇಡ. ನಾನು ಕಾಯ್ತೀನಿ.

ನಿಜ ಹೇಳಬೇಕಂದ್ರೆ, ಎಷ್ಟು ಹೊತ್ತು ಕಾಯಿಸಿದ್ರೂ ನನಗೆ ಒಳ್ಳೇದೇ. ಯಾಕಂದ್ರೆ ನನಗೆ ಮಾತಾಡಿ ಅಭ್ಯಾಸ ಇಲ್ಲ. ನನ್ನ ಜಾಗ ಇದಲ್ಲ. ನನ್ನ ಜಾಗ ಅಲ್ಲಿ — ಹಿಂದೆ, ಕಂಬದ ಪಕ್ಕ, ಗುಂಡಿಗಳಿರೋ ಆ ದೊಡ್ಡ ಮೇಜು ಕಾಣ್ತಿದೆಯಲ್ಲ, ಅಲ್ಲಿ. ಇಲ್ಲಿಗೆ ಬರೋ ಪ್ರತಿಯೊಂದು ಗುಂಪಿನ ಧ್ವನಿ ನೋಡಿಕೊಳ್ಳೋದು ನನ್ನ ಕೆಲಸ. ಯಾರ ಮೈಕ್ ಏರಿಸಬೇಕು, ಯಾರದ್ದು ಇಳಿಸಬೇಕು — ಅಷ್ಟೇ. ಇವತ್ತು ನನ್ನ ಮೈಕನ್ನ ಯಾರೋ ಅಲ್ಲಿ ಕೂತು ಏರಿಸ್ತಾ ಇಳಿಸ್ತಾ ಇದ್ದಾರೆ. ನೋಡಿ, ಈ ಕೈ — ನಡುಗ್ತಿದೆ. ಕಾಣಿಸ್ತಿದೆಯಾ ಹಿಂದಿನವರಿಗೆ?

ನಡುಗಲಿ ಬಿಡಿ. ನಾವು ನೆನೆಸಿಕೊಳ್ಳೋಕೆ ಸೇರಿರೋ ಮನುಷ್ಯನಿಗೆ ನಡುಕ ಹೊಸದೇನಲ್ಲ.

ಅವರ ನಿಜವಾದ ಹೆಸರು ಹಾಕಿ ಆಹ್ವಾನ ಕಳಿಸಿದ್ದಕ್ಕೆ ಬೆಳಿಗ್ಗೆಯಿಂದ ನನಗೆ ಎಷ್ಟೋ ಫೋನು. "ಯಾರು ಹೋಗಿದ್ದು? ನಮಗೆ ಗೊತ್ತಿರೋರಾ?" ಅಂತ. ಬದಲಿ ಅಣ್ಣ ಕಣ್ರಿ, ಅಂದ ಕೂಡಲೇ, "ಅಯ್ಯೋ, ಬರ್ತೀನಿ" ಅಂತ ಆ ಕಡೆಯಿಂದ. ಎಲ್ಲರಿಗೂ ಅವರು ಬದಲಿ ಅಣ್ಣ. ಈ ಊರಿಗೆ ಎಲ್ಲೆಲ್ಲಿಂದಲೋ ಬ್ಯಾಂಡುಗಳು ಬರ್ತವೆ. ಬಂದ ಬ್ಯಾಂಡಿನ ಡ್ರಮ್ಮರ್‌ಗೆ ಜ್ವರ ಬರುತ್ತೆ, ಇನ್ನೊಬ್ಬನ ವಿಮಾನ ತಪ್ಪುತ್ತೆ, ಮತ್ತೊಬ್ಬ ಹಾಡೋನ ಜೊತೆ ಜಗಳ ಆಡಿಕೊಂಡು ಹೋಟೆಲಿಂದಲೇ ವಾಪಸ್ ಹೋಗ್ತಾನೆ. ಆಗ ನಮ್ಮ ಮ್ಯಾನೇಜರು ಒಂದೇ ಒಂದು ನಂಬರಿಗೆ ಫೋನ್ ಮಾಡ್ತಿದ್ರು. ಈ ಗೋಡೆ ಮೇಲೆ ಇಷ್ಟು ಪೋಸ್ಟರ್ ಇವೆಯಲ್ಲ, ಒಂದರಲ್ಲೂ ಅವರ ಮುಖ ಇಲ್ಲ. ಆದರೆ ಇದರಲ್ಲಿ ಎಷ್ಟೋ ಸಂಜೆ ಡ್ರಮ್ ಹಿಂದೆ ಕೂತಿದ್ದದ್ದು ಅವರೇ.

ಫೋನ್ ಎತ್ತಿದ ಕೂಡಲೇ ಅವರ ಮೊದಲನೇ ಮಾತು ಯಾವಾಗಲೂ ಒಂದೇ: "ನನ್ನ ಕೈಲಿ ಆಗಲ್ಲ." ಎರಡನೇ ಮಾತು: "ಎಷ್ಟು ಗಂಟೆಗೆ ಬರಬೇಕು?"

ಹಗಲು ಡ್ರೈವಿಂಗ್ ಕಲಿಸೋ ಮೇಷ್ಟ್ರು. ಇಲ್ಲಿರೋ ಅರ್ಧ ಜನ ಅವರ ಪಕ್ಕದ ಸೀಟಿನಲ್ಲಿ ಸ್ಟೇರಿಂಗ್ ಹಿಡಿದು ಬೆವರಿದೋರೇ. ಆದರೆ ನೀವು ಬೆವರಿದ್ದಕ್ಕಿಂತ ಅವರು ಬೆವರಿದ್ದು ಜಾಸ್ತಿ! ನಗಬೇಡಿ, ಸತ್ಯ. ಆ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತಲ್ಲ, ಅದನ್ನ ಅವರು ಮನೇಲಿ ಊಟಕ್ಕೆ ಕೂತಾಗಲೂ ಒತ್ತುತ್ತಿದ್ರಂತೆ, ಮೇಜಿನ ಕೆಳಗೆ. ಅತ್ತಿಗೆ ಹೇಳಿದ್ದು.

ಹೌದು, ಭಯಸ್ಥ. ಇಷ್ಟು ಭಯ ಇರೋ ಮನುಷ್ಯ ವೇದಿಕೆ ಹತ್ತೋದಾದ್ರೂ ಯಾಕೆ ಅಂತ ನಾನು ತುಂಬ ಸಲ ಯೋಚಿಸಿದ್ದೀನಿ. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ವೇದಿಕೆ ಹಿಂದಿನ ಓಣಿಯಲ್ಲಿ ಒಂದು ಸಿಂಕ್ ಇದೆ, ಅಲ್ಲಿ ನಿಂತು ವಾಂತಿ. ಒಂದು ಸಲ — ಆಗ ಬಂದಿದ್ದು ಅಬ್ಬರದ ಮೆಟಲ್ ಸಂಗೀತದ ಬ್ಯಾಂಡ್, ಮುಖಕ್ಕೆಲ್ಲ ಬಿಳಿ ಬಣ್ಣ, ಕಣ್ಣ ಸುತ್ತ ಕಪ್ಪು, ಚಿಕ್ಕ ಮಕ್ಕಳು ನೋಡಿದ್ರೆ ಹೆದರಿ ಓಡಿಹೋಗಬೇಕು — ನಾನು ಓಣಿಗೆ ಹೋಗಿ ನೋಡ್ತೀನಿ, ಬಾಗಿಲಷ್ಟು ಅಗಲ ಇದ್ದ ಅವರ ಹಾಡುಗಾರ ಅಣ್ಣನ ಹಣೆ ಹಿಡ್ಕೊಂಡು, ಬೆನ್ನು ಸವರ್ತಾ ನಿಂತಿದ್ದಾನೆ. ತಾಯಿ ಹಾಗೆ! ಆಮೇಲೆ ಇಬ್ಬರೂ ವೇದಿಕೆ ಹತ್ತಿದ್ರು. ಅಣ್ಣನ ಶರ್ಟಿನ ಬೆನ್ನ ಮೇಲೆ ಬಿಳಿ ಕೈಗುರುತು. ಮುಂದಿನ ಎರಡು ಗಂಟೆ ಈ ಗೋಡೆ ಅದುರೋ ಹಾಗೆ ಬಾರಿಸಿದ್ರು ನೋಡಿ — ಮರುದಿನ ಪಕ್ಕದ ಹಲ್ಲಿನ ಡಾಕ್ಟರು ಬಂದು ದೂರು ಕೊಟ್ಟು ಹೋದ್ರು.

ಇನ್ನೊಂದು ಹೇಳ್ತೀನಿ. ಬೆಟ್ಟದ ಸೀಮೆಯಿಂದ ಒಂದು ಕಹಳೆ ಗುಂಪು ಬಂದಿತ್ತು. ಅವರ ತಾಳ ಏಳು ಎಣಿಕೆಯದು, ಅದೂ ಓಡೋ ವೇಗ. ಅಭ್ಯಾಸಕ್ಕೆ ಒಂದೇ ಮಧ್ಯಾಹ್ನ. ಅಣ್ಣನ ಕೈಗೆ ಅದು ಕೂರ್ತಾನೇ ಇಲ್ಲ. ಎದ್ದರು, ಕೂತರು, ನೀರು ಕುಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಏನೋ ಗೊಣಗಿಕೊಂಡು ಬಾರಿಸೋಕೆ ಶುರು ಮಾಡಿದ್ರು — ಸರಿಯಾಗಿ ಬಂತು! ನಾನು ಹೆಡ್‌ಫೋನ್ ಹಾಕ್ಕೊಂಡು ಕಿವಿಗೊಟ್ಟು ಕೇಳ್ತೀನಿ: "ಮನೆ — ಬೀಗ — ಹಾಕಿದ್ನಾ. ಮನೆ — ಬೀಗ — ಹಾಕಿದ್ನಾ." ಎಣಿಸಿ ನೋಡಿ. ಎರಡು, ಎರಡು, ಮೂರು. ಏಳು! ಅವತ್ತು ಅವರು ನಿಜವಾಗ್ಲೂ ಬೀಗದ ಚಿಂತೆಯಲ್ಲೇ ಇದ್ದರಂತೆ. ಸಂಜೆ ಹೊತ್ತಿಗೆ ಆ ಕಹಳೆಯವರೆಲ್ಲ ಓಣಿ ತುಂಬ "ಮನೆ ಬೀಗ ಹಾಕಿದ್ನಾ" ಅಂತ ಕುಣೀತಾ ಓಡಾಡಿದ್ರು. ಒಬ್ಬರಿಗೂ ಅರ್ಥ ಗೊತ್ತಿಲ್ಲ.

ರೆಗೆ ಸಂಗೀತದವರು ಬಂದಾಗ ಅವರ ನಿಧಾನಕ್ಕೆ ಹೊಂದಿಕೊಂಡರು. ಜಾಝ್‌ನವರು ಬಂದಾಗ ಕೋಲಿನ ಬದಲು ತಂತಿ ಕುಂಚ ಹಿಡಿದು ಗುಸುಗುಟ್ಟಿದ ಹಾಗೆ ಬಾರಿಸಿದರು. ಮರುಭೂಮಿಯ ಗಿಟಾರ್ ಗುಂಪಿನವರು ಬಂದೋರೇ, ತಮಗೆ ಡ್ರಮ್ಮೇ ಬೇಡ, ಚಪ್ಪಾಳೆ ತಟ್ಟೋರು ಸಾಕು ಅಂದ್ರು. ಅಣ್ಣ ಹೋಗಿ ಅವರ ಜೊತೆ ನೆಲದ ಮೇಲೆ ಕೂತು ಇಡೀ ಕಾರ್ಯಕ್ರಮ ಚಪ್ಪಾಳೆ ತಟ್ಟಿದರು. ಮರುದಿನ ಅಂಗೈ ಊದಿಕೊಂಡು ಸ್ಟೇರಿಂಗ್ ಮುಟ್ಟೋಕಾಗಲಿಲ್ಲ.

ನಾನು ದೂರದಲ್ಲಿ ಕೂತಿದ್ರೂ ಅವರ ಉಸಿರು ನನಗೆ ಕೇಳಿಸುತ್ತಿತ್ತು. ಡ್ರಮ್ ಮೇಲಿನ ಮೈಕ್ ಅಷ್ಟು ಸೂಕ್ಷ್ಮ. ಕಾರ್ಯಕ್ರಮ ಶುರುವಾಗೋ ಮುಂಚೆ ಆ ಉಸಿರು — ಹೀಗೆ, ಮೇಲೆ ಮೇಲೆ — ಮೆಟ್ಟಿಲು ಓಡಿ ಹತ್ತಿದವರ ಹಾಗೆ. ನಾನೂ ಕುರ್ಚಿಯ ಅಂಚಿಗೆ ಬಂದಿರ್ತಿದ್ದೆ. ಮೊದಲ ಹಾಡಿನ ಮಧ್ಯದ ಹೊತ್ತಿಗೆ ಉಸಿರು ಇಳೀತಿತ್ತು. ಆಗ ನಾನೂ ಕುರ್ಚಿಗೆ ಒರಗುತ್ತಿದ್ದೆ.

ಈಗ — ಒಂದು ಗುಟುಕು ನೀರು ಕುಡೀತೀನಿ.

ಈಗ ಆ ಸಂಜೆಯ ವಿಷಯ. ಅತ್ತಿಗೆ, ಇದನ್ನ ಹೇಳಲಾ ಅಂತ ನಿಮ್ಮನ್ನ ಕೇಳಿದ್ದೆ. ನೀವು ಹೇಳು ಅಂದ್ರಿ. ಹೇಳ್ತಿದ್ದೀನಿ.

ದೂರದ ಸಮುದ್ರ ತೀರದಿಂದ ಒಂದು ನೃತ್ಯ ಸಂಗೀತದ ಗುಂಪು ಬಂದಿತ್ತು. ಪಿಟೀಲು, ಗಿಟಾರು, ಮಂದ್ರ ಸ್ವರದ ಒಂದು ದೊಡ್ಡ ಬೇಸು. ಗುಂಪಿಗೆಲ್ಲ ಯಜಮಾನಿ ಒಬ್ಬರು ಅಜ್ಜಿ, ಎದೆಗೆ ಕಟ್ಕೊಂಡು ತಿದಿ ಎಳೆಯೋ ಪೆಟ್ಟಿಗೆ ಇದೆಯಲ್ಲ, ಆ ಅಕಾರ್ಡಿಯನ್ ನುಡಿಸೋರು. ಬೆಳ್ಳಗಿನ ಕೂದಲು, ಗಂಡಸರ ಬೂಟು, ಮುಖದಲ್ಲಿ ನಗು ಅನ್ನೋದೇ ಇಲ್ಲ. ಅವರ ಡ್ರಮ್ಮರ್ ಬಸ್ಸಿಂದ ಇಳಿದೋನೇ ಹೊಟ್ಟೆ ಹಿಡ್ಕೊಂಡು ಕೂತ. ಅಪೆಂಡಿಕ್ಸು. ಆಸ್ಪತ್ರೆಗೆ ಸೇರಿಸಿದ್ವಿ. ಅವನ ಜೊತೆ ಮಾತಾಡೋಕೆ ಅಂತ ದುಭಾಷಿಯೂ ಹೋದ. ಹಾಗಾಗಿ ಉಳಿದೋರ ಹತ್ತಿರ ನಮಗೆ ಕೈಸನ್ನೆಯೇ ಗತಿ. ಮ್ಯಾನೇಜರು ಬದಲಿ ಅಣ್ಣನಿಗೆ ಫೋನ್ ಹಚ್ಚಿದ್ರು.

ಅಣ್ಣ ಬಂದರು. ಧ್ವನಿ ಪರೀಕ್ಷೆ ಶುರುವಾಯ್ತು. ಒಂದೊಂದೇ ಡ್ರಮ್ ಬಾರಿಸ್ತಾ ಹೋಗಬೇಕು, ನಾನು ಅಲ್ಲಿಂದ ನೋಡ್ತಾ ಹೋಗ್ತೀನಿ. ಸಣ್ಣ ಡ್ರಮ್ಮಿಗೆ ಬಂದ್ರು. ಟಪ್, ಟಪ್, ಟಪ್ — ಆಮೇಲೆ ಒಂದು ಖಾಲಿ. ಟಪ್, ಟಪ್ — ಮತ್ತೆ ಖಾಲಿ.

"ಅಣ್ಣ, ಮಧ್ಯೆ ಮಧ್ಯೆ ತಪ್ಪಿಹೋಗ್ತಿದೆ."

"ವೈರ್ ಸಡಿಲ ಇರಬೇಕು ನೋಡಮ್ಮ."

ವೈರ್ ಬದಲಾಯಿಸಿದೆ. ಮತ್ತೆ ಅದೇ. ಮೈಕನ್ನೇ ಬದಲಾಯಿಸಿದೆ. ಮತ್ತೆ ಅದೇ. ಮೂರನೇ ಸಲ ವೇದಿಕೆ ಹತ್ತಿ, ಅವರ ಹತ್ತಿರ ಮೊಣಕಾಲೂರಿ ಕೂತು, ಸ್ಟ್ಯಾಂಡು ಬಿಗಿ ಮಾಡೋಕೆ ಹೋದೆ. ಅವರು ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಅಂದ್ರು:

"ವೈರು ಸರಿ ಇದೆ ಕಣಮ್ಮ. ಸಡಿಲ ಆಗಿರೋದು ಇದು."

ಇದು ಅಂದಿದ್ದು ಅವರ ಬಲಗೈನ. ಕೋಲು ಡ್ರಮ್ ಮೇಲೆ ಸುಮ್ಮನೆ ಮಲಗಿತ್ತು. ಹಿಡಿದಿರೋ ಬೆರಳುಗಳು ಹಿಡಿದ ಹಾಗೆ ಕಾಣ್ತಿದ್ವು, ಹಿಡಿದಿರಲಿಲ್ಲ.

ಮೊದಲು ಗೊತ್ತಾಗಿದ್ದು ಕಾರಿನಲ್ಲಂತೆ. ಕಲಿಯೋಕೆ ಬಂದೋರು ಗೋಡೆ ಕಡೆ ತಿರುಗಿಸಿದ್ರು, ಅಣ್ಣ ಸ್ಟೇರಿಂಗ್‌ಗೆ ಬಲಗೈ ಚಾಚಿದ್ರು, ಬೆರಳು ಮಡಚಲೇ ಇಲ್ಲ. ಕಾಲಿನ ಬ್ರೇಕ್ ಉಳಿಸಿತು. ಮರುದಿನವೇ ಕಲಿಸೋದು ನಿಲ್ಲಿಸಿದ್ರು. ಮನೇಲಿ ಕಾರು ರಿಪೇರಿಗೆ ಹೋಗಿದೆ ಅಂದ್ರು. ಡಾಕ್ಟರ ಹತ್ತಿರ ಒಬ್ಬರೇ ಹೋದ್ರು. ನರದ ಕಾಯಿಲೆ. ಈಗ ಕೈ, ಆಮೇಲೆ ಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ವಾಸಿ ಆಗೋದಲ್ಲ. ಇಷ್ಟನ್ನೂ ಅವರು ಹೇಳಿದ್ದು ನಾನು ಸ್ಟ್ಯಾಂಡಿನ ತಿರುಪು ಬಿಗಿ ಮಾಡೋ ಹೊತ್ತಿನಲ್ಲಿ. ನಾನು ಅದನ್ನೇ ತಿರುಗಿಸ್ತಾ ಇದ್ದೆ, ಬಿಗಿಯಾದ ಮೇಲೂ.

"ಅತ್ತಿಗೆಗೆ ಗೊತ್ತಾ?"

"ಇಲ್ಲ. ಹೇಳಬೇಡ. ಅವಳು ತಡ್ಕೊಳ್ಳಲ್ಲ."

"ಅಣ್ಣ, ಇವತ್ತು ಬೇಡ. ಮ್ಯಾನೇಜರಿಗೆ ನಾನೇ ಹೇಳ್ತೀನಿ."

"ಹೇಳಿ? ಬದಲಿಗೆ ಬದಲಿ ಯಾರನ್ನ ಕರೀತೀರಾ?" ಅಂತ ನಕ್ಕರು. ನಕ್ಕಿದ್ದಕ್ಕೇ ನನಗೆ ಇನ್ನೂ ಭಯ ಆಯ್ತು. "ಇದೊಂದು ಸಂಜೆ. ಎಳ್ಕೊಂಡು ಹೋಗ್ತೀನಿ ಬಿಡು."

ನಾನು ಆ ಮೇಜಿಗೆ ವಾಪಸ್ ಬಂದೆ. ಬಾಗಿಲು ತೆರೆದ್ರು. ಜನ ತುಂಬಿದ್ರು. ಹೆಡ್‌ಫೋನಿನಲ್ಲಿ ಅಣ್ಣನ ಉಸಿರು — ಹೀಗೆ, ಹೀಗೆ, ಹೀಗೆ. ಆಗ ನನ್ನ ಬೆನ್ನ ಹಿಂದೆ ಯಾರೋ ನಿಂತ ಹಾಗಾಯ್ತು. ತಿರುಗಿ ನೋಡಿದ್ರೆ ಅತ್ತಿಗೆ.

ನೀವು ಒಂದು ವಿಷಯ ತಿಳ್ಕೋಬೇಕು. ಅತ್ತಿಗೆ ಈ ಭವನಕ್ಕೆ ಬರೋರೇ ಅಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಲ ಬಂದು, ಗಂಡನ ಬಿಳಿಚಿದ ಮುಖ ನೋಡಿ, ಎರಡನೇ ಹಾಡಿಗೇ ಕಣ್ಣು ಕತ್ತಲೆ ಬಂದು ಬಿದ್ದಿದ್ರಂತೆ. ಅವತ್ತಿಂದ ಅಣ್ಣ ಬಾರಿಸೋ ದಿನ ಅವರು ಮನೇಲಿ ಬಟ್ಟೆ ಇಸ್ತ್ರಿ ಮಾಡ್ತಾ ಇರೋರು. ಮನೇಲಿರೋ ಬಟ್ಟೆ ಮುಗಿದ್ರೆ ಪಕ್ಕದ ಮನೆಯೋರದ್ದೂ ತಂದು ಮಾಡೋರು. ಅಂಥ ಅತ್ತಿಗೆ, ಟಿಕೆಟ್ ತಗೊಂಡು, ಕತ್ತಲಲ್ಲಿ ನನ್ನ ಹಿಂದೆ ನಿಂತಿದ್ದಾರೆ.

"ಅತ್ತಿಗೆ! ನೀವಾ?"

"ಮೆಲ್ಲಗೆ. ನಿನಗಾದ್ರೂ ಹೇಳಿದ್ರಾ ಕೈ ವಿಷಯ?"

ಹೇಳಬೇಡ ಅಂತ ಅಣ್ಣ ಅಂದು ಒಂದು ಗಂಟೆ ಆಗಿಲ್ಲ. ಹೂಂ ಅನ್ನಲಾ, ಊಹೂಂ ಅನ್ನಲಾ?

"ನನಗೆ ಹೇಳಿಲ್ಲ," ಅಂದ್ರು ಅತ್ತಿಗೆ. "ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡ್ತಾರೆ. ಏನ್ರೀ ಅಂದ್ರೆ, ತೂತು ಚಿಕ್ಕದು ಅಂತಾರೆ. ಒಂದಿನ ಅವರು ಹೊರಗೆ ಹೋದಾಗ ಕೂತು, ಎಲ್ಲಾ ಶರ್ಟಿನ ತೂತನ್ನೂ ಕತ್ತರಿಸಿ ದೊಡ್ಡದು ಮಾಡಿ ಅಂಚು ಹೊಲಿದಿಟ್ಟೆ. ಆದ್ರೂ ಆಗ್ತಿಲ್ಲ. ಆಗ ಗೊತ್ತಾಯ್ತು."

ಆಮೇಲೆ ನನ್ನ ಭುಜ ಹಿಡ್ಕೊಂಡು ಅಂದ್ರು: "ನಾನು ಬಂದಿದ್ದು ಅವರಿಗೆ ಗೊತ್ತಾಗಬಾರದು. ನನಗೆ ತಿಳಿದಿದೆ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ."

ಇಬ್ಬರದ್ದೂ ಒಂದೇ ಮಾತು! ಮಧ್ಯೆ ನಾನು. ಈ ಕಿವೀಲಿ ಗಂಡನ ಉಸಿರು, ಈ ಭುಜದ ಮೇಲೆ ಹೆಂಡತಿಯ ಉಗುರು.

ಕಾರ್ಯಕ್ರಮ ಶುರುವಾಯ್ತು. ಮೊದಮೊದಲು ಪರವಾಗಿಲ್ಲ. ನಿಧಾನದ ಹಾಡುಗಳು. ಅಲ್ಲೊಂದು ಇಲ್ಲೊಂದು ಏಟು ತಪ್ಪಿತು, ನನಗೆ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಇಲ್ಲ — ಅಜ್ಜಿಗೆ ತಿಳೀತು ಅಂತ ಕಾಣುತ್ತೆ. ಒಂದು ಸಲ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ್ರು.

ಆಮೇಲೆ ಓಡೋ ಹಾಡು ಬಂತು. ಜನ ಎದ್ದು ಕುಣಿಯೋಕೆ ಶುರು ಮಾಡಿದ್ರು. ಅಣ್ಣ ಹಿಡಿದಿಟ್ಕೊಂಡಿದ್ರು, ಹಿಡಿದಿಟ್ಕೊಂಡಿದ್ರು — ಇದ್ದಕ್ಕಿದ್ದ ಹಾಗೆ ನನ್ನ ಕಿವೀಲಿ ಟಕ್ ಅಂತ ಒಂದು ಸದ್ದು. ಮರದ ನೆಲಕ್ಕೆ ಕೋಲು ಬಿದ್ದ ಸದ್ದು. ಉರುಳಿ ಹೋದ ಸದ್ದು. ಆಮೇಲೆ ಉಸಿರೇ ಇಲ್ಲ. ಅಣ್ಣ ಉಸಿರು ಬಿಗಿಹಿಡಿದಿದ್ದಾರೆ. ಬಲಗೈ ತೊಡೆ ಮೇಲೆ ಸತ್ತ ಹಾಗೆ ಬಿದ್ದಿದೆ. ಎಡಗೈ ನಡೀತಾ ಇದೆ, ಕಾಲು ನಡೀತಾ ಇದೆ, ಹಾಡಿನ ಒಂದು ಪಕ್ಕೆಯೇ ಕುಸಿದ ಹಾಗೆ.

ನನ್ನ ಭುಜದಲ್ಲಿ ಅತ್ತಿಗೆಯ ಉಗುರು ಇನ್ನೂ ಒಳಗೆ ಇಳೀತು.

ಅಜ್ಜಿ ತಿರುಗಿದ್ರು. ಕೈ ನಿಲ್ಲಿಸಲಿಲ್ಲ, ಅಕಾರ್ಡಿಯನ್ ನುಡಿಸ್ತಾನೇ ಹಿಂದಕ್ಕೆ ನಡೆದ್ರು. ನಿಲ್ಲಿಸ್ತಾರೆ, ಎಲ್ಲರ ಮುಂದೆ ನಿಲ್ಲಿಸ್ತಾರೆ ಅಂದ್ಕೊಂಡೆ. ಅಜ್ಜಿ ಹೋಗಿ ಅಣ್ಣನ ಬಲಕ್ಕೆ ನಿಂತ್ರು. ನಿಂತು, ಆ ಬೂಟುಗಾಲು ಎತ್ತಿ, ಮರದ ಹಲಗೆ ಮೇಲೆ — ಧಪ್. ಅಣ್ಣನ ಬಲಗೈ ಎಲ್ಲಿ ಬೀಳಬೇಕಿತ್ತೋ ಸರಿಯಾಗಿ ಅಲ್ಲಿ. ಧಪ್. ಮತ್ತೆ, ಧಪ್.

ನಾನು ಅಜ್ಜಿಯ ಕಾಲಿನ ಹತ್ತಿರದ ಮೈಕನ್ನ ಹುಡುಕಿ ಪೂರ್ತಿ ಏರಿಸಿದೆ. ತಪ್ಪು ಗುಂಡಿ ಮುಟ್ಟಿ ಒಂದು ಸಲ ಕೀಂಯ್ ಅಂತು, ನೆನಪಿರಬಹುದು ಯಾರಿಗಾದ್ರೂ. ಆಮೇಲೆ ಬೂಟಿನ ಸದ್ದು ಭವನ ತುಂಬಿತು. ಪಿಟೀಲಿನವರು ನೋಡಿದ್ರು, ಅರ್ಥ ಮಾಡ್ಕೊಂಡ್ರು, ಅವರೂ ಹಿಂದಕ್ಕೆ ಸರಿದ್ರು. ಒಬ್ಬೊಬ್ಬರೇ ಬಂದು ಡ್ರಮ್ ಸುತ್ತ ನಿಂತ್ರು. ವೇದಿಕೆಯ ಮುಂಭಾಗ ಖಾಲಿ. ಇದು ಅವರ ಊರಿನ ಪದ್ಧತಿ ಅಂದ್ಕೊಂಡು ಜನ ಶಿಳ್ಳೆ ಹೊಡೆದ್ರು! ಅವರೂ ಕಾಲು ಕುಟ್ಟಿದ್ರು. ಉಳಿದ ಹಾಡುಗಳನ್ನೆಲ್ಲ ಹಾಗೇ ಮುಗಿಸಿದ್ರು — ಅಣ್ಣನ ಎಡಗೈ, ಅಣ್ಣನ ಎರಡು ಕಾಲು, ಅಜ್ಜಿಯ ಒಂದು ಬೂಟು.

ಹೆಡ್‌ಫೋನನ್ನ ಕಿವಿಯಿಂದ ತೆಗೆದು ಅತ್ತಿಗೆಗೆ ಕೊಟ್ಟೆ. ಅವರು ಹಾಕ್ಕೊಂಡು ಅಣ್ಣನ ಉಸಿರು ಕೇಳಿದ್ರು. ತುಂಬ ಹೊತ್ತು ಕೇಳಿದ್ರು.

ಮುಗಿದ ಮೇಲೆ ಅಜ್ಜಿ ಅಣ್ಣನ ಬಲಗೈಯನ್ನ ಎತ್ತಿ, ತಮ್ಮ ಎರಡೂ ಕೈ ನಡುವೆ ಇಟ್ಕೊಂಡು, ತಮ್ಮ ಭಾಷೇಲಿ ಏನೋ ಹೇಳಿದ್ರು. ಉದ್ದಕ್ಕೆ ಹೇಳಿದ್ರು. ಅಣ್ಣ ಎಲ್ಲದಕ್ಕೂ ತಲೆ ಆಡಿಸಿದ್ರು. ಏನಂದ್ರು ಅಣ್ಣ ಅಂತ ಕೇಳಿದೆ. "ಯಾರಿಗೆ ಗೊತ್ತು? ಬೈದಿರಬೇಕು," ಅಂದ್ರು.

ಅಷ್ಟರಲ್ಲಿ ಖಾಲಿ ಕುರ್ಚಿಗಳ ಮಧ್ಯೆ ನಡ್ಕೊಂಡು ಅತ್ತಿಗೆ ಬಂದೇ ಬಿಟ್ರು. ಅಣ್ಣ ಬಲಗೈಯನ್ನ ಬೆನ್ನ ಹಿಂದೆ ಮಾಡಿಕೊಂಡ್ರು. ಎಡಗೈಯಿಂದ ಹಿಡಿದು ಹಿಂದೆ ಮಾಡಿಕೊಳ್ಳಬೇಕಾಯ್ತು.

"ನೀನು ಯಾವಾಗ ಬಂದೆ?"

"ಮೊದಲಿಂದ ಇದ್ದೆ. ಕೊಡಿ ಇಲ್ಲಿ."

ಕೊಡಲಿಲ್ಲ. ಅತ್ತಿಗೆಯೇ ಸುತ್ತಿ ಹೋಗಿ ಆ ಕೈ ತಗೊಂಡು, ಬಿಚ್ಚಿಹೋಗಿದ್ದ ತೋಳಿನ ಗುಂಡಿ ಹಾಕಿದ್ರು. ಅಣ್ಣ ನೋಡ್ತಾ ಇದ್ದರು. ಆಮೇಲೆ ಅಂದ್ರು:

"ತೂತು ದೊಡ್ಡದು ಮಾಡಿದ್ದು ನೀನಾ? ಬೀದೀಲಿ ನಡೀತಿದ್ರೆ ಗುಂಡಿ ತಾವೇ ಬಿಚ್ಕೊಂಡು ಬರ್ತಿದ್ವು ಕಣೇ. ಎದೆ ತೆರ್ಕೊಂಡು ಓಡಾಡಿದೀನಿ."

ಇಬ್ಬರೂ ನಕ್ಕರು. ನಗ್ತಾ ನಗ್ತಾ ವೇದಿಕೆ ಅಂಚಿನಲ್ಲೇ ಕೂತು ಅತ್ತರು. ನಾವೆಲ್ಲ ವೈರ್ ಸುತ್ತೋ ನೆಪದಲ್ಲಿ ಆ ಕಡೆ ತಿರುಗಿದ್ವಿ.

ಅದೇ ಅವರು ಬಾರಿಸಿದ ಕೊನೇ ಕಾರ್ಯಕ್ರಮ.

ಆಮೇಲಿನ ದಿನಗಳು — ನಿಮ್ಮಲ್ಲಿ ಎಷ್ಟೋ ಜನ ಮನೆಗೆ ಬಂದು ನೋಡಿದ್ದೀರಿ. ಕೈ ಹೋಯ್ತು, ಕಾಲು ಹೋಯ್ತು, ಮಾತು ಹೋಯ್ತು. ಪ್ರತಿಯೊಂದು ಹೋಗೋಕೆ ಮುಂಚೆ ಅದರ ಭಯ ಬರ್ತಿತ್ತು. ಭಯದಲ್ಲಿ ಮಾತ್ರ ನಮ್ಮ ಅಣ್ಣ ಗಟ್ಟಿಗ. ಗಾಲಿ ಕುರ್ಚಿ ಬಂದ ದಿನ, ಅದಕ್ಕೆ ಬ್ರೇಕ್ ಎಷ್ಟು ಅಂತ ಕೇಳಿದ್ರು. ಆಗಿನ್ನೂ ಮಾತು ಇತ್ತು.

ಮಾತು ಹೋದ ಮೇಲೆ ಮಗಳು ಒಂದು ಹಲಗೆ ಮೇಲೆ ಅಕ್ಷರಮಾಲೆ ಬರೆದಳು. ಅವಳು ಬೆರಳಿಟ್ಟುಕೊಂಡು ಹೋಗಬೇಕು, ಸರಿಯಾದ ಅಕ್ಷರಕ್ಕೆ ಅಣ್ಣ ಕಣ್ಣು ಮಿಟುಕಿಸಬೇಕು. ನಮ್ಮ ಭಾಷೇಲಿ ಅಕ್ಷರಗಳು ಕಮ್ಮಿಯಾ? ಅದರ ಮೇಲೆ ಕಾಗುಣಿತ ಬೇರೆ. ಅಣ್ಣ ಕಾಗುಣಿತಾನೇ ಬಿಟ್ಟುಬಿಟ್ರು. ಬರೀ ಅಕ್ಷರ. ಉಳಿದಿದ್ದು ನಾವು ಊಹೆ ಮಾಡ್ಕೋಬೇಕು.

ಅವರು ಹೋಗೋಕೆ ಸ್ವಲ್ಪ ದಿನ ಮುಂಚೆ, ಒಂದು ದ್ವೀಪದಿಂದ ಹೆಂಗಸರ ಹಾಡಿನ ಗುಂಪು ಬಂತು. ಅವರ ಡ್ರಮ್ ನುಡಿಸೋಳು ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡಳು. ಭವನದಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತ್ವಿ. ಮ್ಯಾನೇಜರು ರೂಢಿಯಿಂದ ಫೋನ್ ಎತ್ತಿದ್ರು, ನಂಬರ್ ಒತ್ತೋಕೆ ಹೋದ್ರು — ಕೆಳಗಿಟ್ಟುಬಿಟ್ರು. ನಾನು ಅಣ್ಣನ ಮನೆಗೆ ಹೋದೆ. "ಯಾರನ್ನ ಕರೆಯೋದು ಅಣ್ಣ?" ಮಗಳು ಹಲಗೆ ಹಿಡಿದಳು. ಬ. ಆಮೇಲೆ ಕ. ಆಮೇಲೆ ರ.

"ಬಕರಾ?" ಅಂದಳು ಮಗಳು. "ಅಪ್ಪ, ಯಾರಿಗೆ ಬೈತಿದ್ದೀರಾ? ಇವರಿಗಾ, ನನಗಾ?"

ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, ತಡೆದು ತೆರೆದ್ರು. ಸಿಟ್ಟಾದ್ರೆ ಹಾಗೆ ಮಾಡೋರು. ಒಳಗಿಂದ ಅತ್ತಿಗೆ ಕೂಗಿದ್ರು: "ಬೇಕರಿ! ಬೇಕರಿ ಅಂತಿದ್ದಾರೆ!"

ಮುಖ್ಯ ರಸ್ತೆಯ ಬೇಕರಿಯಲ್ಲಿ ಬ್ರೆಡ್ ಮಾಡ್ತಾಳಲ್ಲ, ಅವಳು. ಅಗೋ, ಅಲ್ಲಿ ನಿಂತಿದ್ದಾಳೆ. ಮೆಟಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸೋಳು. ಕಾಯಿಲೆ ಶುರುವಾದ ಮೇಲೆ ಅಣ್ಣನ ಹತ್ತಿರ ಕಲಿಯೋಕೆ ಬರ್ತಿದ್ದಳು. ಎಲ್ಲ ಚೆನ್ನಾಗಿದೆ, ಆದ್ರೆ ಇವಳಿಗೆ ಭಯವೇ ಇಲ್ಲ, ಅದೇ ನನಗೆ ಭಯ — ಅಂತ ಅಣ್ಣ ಮೊದಲಿಂದ ಹೇಳೋರು. ಭಯ ಇಲ್ಲದೋರು ಪಕ್ಕದವರು ನುಡಿಸೋದನ್ನ ಕೇಳಿಸಿಕೊಳ್ಳಲ್ಲ ಅಂತ. ದ್ವೀಪದವರದ್ದು ಬರೀ ಮೆಲುದನಿಗಳ ಸಂಗೀತ. ಇವಳ ಕೈ ಗುಡುಗು. ನಾವು ಯಾರೂ ಒಪ್ಪಲಿಲ್ಲ. ಅಣ್ಣ ಮತ್ತೆ ಬ, ಮತ್ತೆ ಕ, ಮತ್ತೆ ರ. ಹಟ ಹಿಡಿದ್ರು, ನಾವು ಒಪ್ಪಲೇಬೇಕಾಯ್ತು. ಆಮೇಲೆ ನ, ನ, ಬ, ರ. ನಾನೂ ಬರ್ತೀನಿ.

ಉಸಿರಾಡೋಕೆ ಯಂತ್ರ ಬಂದಾಗಿತ್ತು. ಡಾಕ್ಟರು ಬೇಡ ಅಂದ್ರು. ಅತ್ತಿಗೆ ಒಂದು ಮಾತೂ ಆಡದೆ ಇಸ್ತ್ರಿ ಮಾಡಿದ ಶರ್ಟು ತೆಗೆದು ಹಾಕಿದ್ರು. ಯಂತ್ರ, ಅದರ ಬ್ಯಾಟರಿ, ಇನ್ನೊಂದು ಬ್ಯಾಟರಿ, ಅದು ಕೈಕೊಟ್ಟರೆ ಅಂತ ಮತ್ತೊಂದು — ಮೆರವಣಿಗೆ ಹಾಗೆ ಬಂದ್ವಿ. ಓಣಿ ದಾಟೋವಾಗ, ಸಿಂಕಿನ ಹತ್ತಿರ ಈ ಬೇಕರಿ ಹುಡುಗಿ ನಿಂತಿದ್ದಾಳೆ. ಮುಖ ಬಿಳಿಚಿದೆ.

"ಅಂಕಲ್," ಅಂದಳು, "ಹೊಟ್ಟೆ ತೊಳಸ್ತಿದೆ. ನನ್ನ ಕೈಲಿ ಆಗಲ್ಲ."

ಅಣ್ಣನ ಮುಖದ ಮೇಲೆ ಮುಖವಾಡದ ಥರ ಆ ಯಂತ್ರದ ಕೊಳವೆ. ಅದರ ಮೇಲೆ ಕಣ್ಣು ಮಾತ್ರ. ಆ ಕಣ್ಣು ಎಷ್ಟು ಖುಷಿಯಾಯ್ತು ಅಂದ್ರೆ — ಅಯ್ಯೋ, ನನಗೆ ಹೇಳೋಕೆ ಬರಲ್ಲ. ಅಲ್ಲಿದ್ದೋರೆಲ್ಲ ನೋಡಿದ್ದೀವಿ.

ಅಣ್ಣನನ್ನ ನನ್ನ ಪಕ್ಕದಲ್ಲೇ ಕೂರಿಸಿದೆ. ಕಿವಿಗೆ ಹೆಡ್‌ಫೋನ್ ಹಾಕಿದೆ. ಒಂದು ಕಡೆ ವೇದಿಕೆ ನೋಡಬೇಕು, ಒಂದು ಕಡೆ ಬ್ಯಾಟರಿಯ ದೀಪ ನೋಡಬೇಕು. ಮೊದಲ ಹಾಡಿಗೆ ಅವಳು ತುಂಬ ಗಟ್ಟಿ ಬಾರಿಸಿದಳು, ನಾನು ತುಟಿ ಕಚ್ಚಿಕೊಂಡೆ. ಎರಡನೇದಕ್ಕೆ ಅವಳ ಕುತ್ತಿಗೆ ಹಾಡೋರ ಕಡೆ ತಿರುಗಿತು. ಆಮೇಲೆ ಕೈ ಇಳೀತು, ಇಳೀತು, ಎಷ್ಟು ಇಳೀತು ಅಂದ್ರೆ ಆ ಹೆಂಗಸರ ಉಸಿರು ಎಳ್ಕೊಳ್ಳೋದೂ ಕೇಳಿಸ್ತು. ಅಣ್ಣ ಕೊನೇವರೆಗೂ ರೆಪ್ಪೆ ಹೊಡೀಲಿಲ್ಲ. ನಾನು ಗಾಬರಿಯಾಗಿ ಎರಡು ಸಲ ಬಗ್ಗಿ ನೋಡಿದೆ. ಕೇಳ್ತಾ ಇದ್ದರು.

ಇನ್ನೇನು, ಹೆಚ್ಚು ಇಲ್ಲ.

ಅಣ್ಣ ಹೋಗಿದ್ದು ಒಂದು ಬೆಳಿಗ್ಗೆ. ಅತ್ತಿಗೆ ಗಡ್ಡ ಹೆರೀತಾ ಇದ್ರಂತೆ. ದಿನಾ ಹೆರೆಯೋರು, ಕೊಳವೆ ಚೆನ್ನಾಗಿ ಕೂರಲಿ ಅಂತ. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬಂದು, ಏನೋ ಮಾತಾಡ್ತಾ ಇದ್ರು, ತರಕಾರಿಯವನ ವಿಷಯ. ಹೂಂ ಅನ್ನೋಕೆ ಕಣ್ಣು ಮಿಟುಕಿಸಲಿಲ್ಲ ಅಂತ ನೋಡಿದ್ರೆ — ಯಾವಾಗಲೋ ಹೋಗಿಬಿಟ್ಟಿದ್ರು. ಯಂತ್ರ ಮಾತ್ರ ಓಡ್ತಾನೇ ಇತ್ತು. ಎದೆ ಏರ್ತಿತ್ತು, ಇಳೀತಿತ್ತು. "ಸದ್ದು ನಿಂತಿರಲಿಲ್ಲ ಕಣೇ, ಅದಕ್ಕೇ ನನಗೆ ಗೊತ್ತಾಗಲಿಲ್ಲ" — ಇದನ್ನ ಅತ್ತಿಗೆ ನನಗೆ ಎಷ್ಟು ಸಲ ಹೇಳಿದ್ದಾರೋ. ಅತ್ತಿಗೆ, ಎಲ್ಲರ ಮುಂದೆ ಹೇಳ್ತೀನಿ ಕೇಳಿ: ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನಿದ್ದಿದ್ರೂ ಗೊತ್ತಾಗ್ತಿರಲಿಲ್ಲ. ಅರ್ಧ ಹೆರೆದ ಗಡ್ಡವನ್ನ ನೀವು ಪೂರ್ತಿ ಮುಗಿಸಿಯೇ ನಮಗೆಲ್ಲ ಫೋನ್ ಮಾಡಿದ್ರಿ. ಅವರನ್ನ ನಾವು ನೀಟಾಗಿ ನೋಡಿದ್ವಿ.

ಮೊನ್ನೆ ಅತ್ತಿಗೆ ಹತ್ತಿರ ಕೂತಿದ್ದೆ. ಮಾತಾಡ್ತಾ ಮಾತಾಡ್ತಾ ದಿಢೀರ್ ಅಂತ ಎದ್ದು ಒಳಗೆ ಓಡಿದ್ರು. ಬ್ಯಾಟರಿ ನೋಡೋಕೆ. ಯಂತ್ರವನ್ನ ಆಸ್ಪತ್ರೆಯೋರು ಆಗಲೇ ತಗೊಂಡು ಹೋಗಿದ್ರು. ಖಾಲಿ ಮೇಜಿನ ಮುಂದೆ ನಿಂತು ನನ್ನ ಮುಖ ನೋಡಿ ಕೇಳಿದ್ರು:

"ಇನ್ನು ನಾನು ಯಾರಿಗೆ ಅಂತ ಗಾಬರಿ ಪಡಲಿ?"

ಭಯ ಆಗುತ್ತೆ ನನಗೆ, ಅತ್ತಿಗೆಯ ಆ ಮನೆ ನೆನೆಸಿಕೊಂಡ್ರೆ. ಅದಕ್ಕೇ ನಿಮ್ಮನ್ನೆಲ್ಲ ಬೇಡಿಕೊಳ್ತೀನಿ — ಹೋಗಿ. ಸುಮ್ಮನೆ ಹೋಗಿ. ಮಗಳು ಕೆಲಸಕ್ಕೆ ಹೋಗಿರ್ತಾಳೆ, ಹಗಲು ಉದ್ದ ಇರುತ್ತೆ. ತಡವಾಗಿ ಹೋಗಿ, ಬರ್ತೀನಿ ಅಂದ ಹೊತ್ತಿಗೆ ಬರದೆ ಕಾಯಿಸಿ, ಮಳೇಲಿ ನೆನೆದು ಹೋಗಿ, ಕೆಮ್ಮಿಕೊಂಡು ಹೋಗಿ. ಅವರು ನಿಮಗೆ ಬೈಯಲಿ. ಟವೆಲು ತಂದು ಕೊಡಲಿ. ಅಷ್ಟಾದ್ರೂ ಅವರಿಗೆ ಕೆಲಸ ಕೊಡಿ.

ಇಷ್ಟು ಹೊತ್ತು ಕೇಳಿದ್ರಿ. ನಿಮಗೆಲ್ಲ ನಾನು ಋಣಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಬೆನ್ನು ನೋವು, ಕಾಲು ನೋವು ಇರೋರು ಕೂತಿರಬಹುದು. ಫೋನುಗಳನ್ನ ಒಮ್ಮೆ ನೋಡ್ಕೊಳ್ಳಿ. ಇಷ್ಟು ನಿಮಿಷ ಅಂತ ನಾನು ಗಡಿಯಾರ ನೋಡಲ್ಲ, ಕೈ ಮಾಡಿ ತೋರಿಸಲ್ಲ. ಅತ್ತಿಗೆ ನಿಂತಿರ್ತಾರೆ. ಅವರು ಎಷ್ಟು ಹೊತ್ತು ನಿಲ್ತಾರೋ ಅಷ್ಟು ಹೊತ್ತು ಮೌನವಾಗಿ ಅವರ ಜೊತೆ ನಿಲ್ಲೋಣ. ಅವರು ಕೂತಾಗ ನಾವು ಕೂರೋಣ.

ಹಿಂದೆ ಮೇಜಿನಲ್ಲಿರೋರು — ನನ್ನ ಮೈಕ್ ಇಳಿಸಿ.